ಹಳೆಯ ಪೆಟ್ಟಿಗೆಯ ಹೊಸ ಕಾವಲು



ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯ ಮೂಲೆಯಲ್ಲಿ, ಗೋಡೆಗೆ ಹೊಡೆದ ಹಲಗೆಯ ಮೇಲೆ, ಚಪ್ಪಟೆಯಾದ ಕಬ್ಬಿಣದ ಪೆಟ್ಟಿಗೆಯೊಂದಿರುವುದನ್ನು ನೀವೆಲ್ಲರೂ ಕಂಡಿದ್ದೀರಿ. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಮುಂಭಾಗದಲ್ಲಿ ಚೌಕಾಕಾರದ ಕೆಲವು ತೂತುಗಳೂ ಅವುಗಳ ಪಕ್ಕದಲ್ಲಿ ಮಿಣುಕುವ ಪುಟ್ಟ ದೀಪಗಳೂ ಮಾತ್ರ ಇವೆ. ಯಾವುದೋ ಕಚೇರಿಯವರು ತಮಗೆ ಇನ್ನು ಬೇಡವೆಂದು ತೆಗೆದಿರಿಸಿದ ಈ ಪೆಟ್ಟಿಗೆಯು ಇಂದು ನಮ್ಮ ಕಂಪ್ಯೂಟರುಗಳಿಗೆಲ್ಲ ದ್ವಾರಪಾಲಕನಾಗಿ ನಿಂತಿದೆ. ಸಂಬಳ ಕೊಟ್ಟು ತಜ್ಞರನ್ನು ಕರೆಸುವ ಶಕ್ತಿ ನಮ್ಮಂತಹ ಶಾಲೆಗಳಿಗಿಲ್ಲ. ಆದುದರಿಂದ ಇದರ ಆರೈಕೆ ಒಂಬತ್ತನೆಯ ತರಗತಿಯವರ ಪಾಲಿಗೆ ಬಂದಿದೆ. ಅವರು ಮೇಲಿಂದ ಮೇಲೆ ಹೇಳುವ ದೂರು ಒಂದೇ: “ಸರ್, ದೀಪವೇನೋ ಉರಿಯುತ್ತಿದೆ, ಆದರೆ ಇಂಟರ್‌ನೆಟ್ಟು ಬರುವುದಿಲ್ಲ.” ಈ ಒಂದು ವಾಕ್ಯದ ಒಳಗೆ ಎಷ್ಟೊಂದು ಬೇರೆ ಬೇರೆ ದೋಷಗಳು ಅಡಗಿರಬಹುದೆಂಬುದನ್ನು ಬಿಡಿಸಿ ತೋರಿಸುವುದೇ ಈ ಲೇಖನದ ಉದ್ದೇಶ.

ಕಟ್ಟಡದ ಒಂದು ಭಾಗಕ್ಕೆ ಬಿದ್ದ ಬೆಂಕಿ ಮತ್ತೊಂದು ಭಾಗಕ್ಕೆ ಹಬ್ಬದಂತೆ ನಡುವೆ ಕಟ್ಟುವ ಗೋಡೆಗೆ ಇಂಗ್ಲಿಷಿನಲ್ಲಿ ಫೈರ್‌ವಾಲ್ ಎಂದು ಹೆಸರು. ಆ ಹೆಸರನ್ನೇ ಕಂಪ್ಯೂಟರಿನವರು ಎರವಲು ಪಡೆದರು. ೧೯೮೮ರ ನವೆಂಬರ್ ೨ರಂದು ಅಮೆರಿಕದ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿಯೊಬ್ಬನು ಬಿಟ್ಟ ‘ಹುಳು’ವೊಂದು ಯಂತ್ರದಿಂದ ಯಂತ್ರಕ್ಕೆ ತಾನೇ ಹರಿದು, ಆಗ ಇನ್ನೂ ಚಿಕ್ಕದಾಗಿದ್ದ ಇಂಟರ್‌ನೆಟ್ಟಿನ ಸಾವಿರಾರು ಯಂತ್ರಗಳನ್ನು ಕೆಲಸಕ್ಕೆ ಬಾರದಂತೆ ಮಾಡಿತು. ಒಳಗಿನ ಯಂತ್ರಗಳಿಗೂ ಹೊರಗಿನ ಲೋಕಕ್ಕೂ ನಡುವೆ ಕಾವಲೊಂದು ಬೇಕೆಂಬ ಎಚ್ಚರ ಅದರಿಂದ ಹೆಚ್ಚಿತು. ನಮ್ಮ ಕೊಠಡಿಯ ಯಂತ್ರಗಳಲ್ಲಿ ನಿಮ್ಮ ಹೆಸರುಗಳಿವೆ, ಅಂಕಪಟ್ಟಿಗಳಿವೆ, ಭಾವಚಿತ್ರಗಳಿವೆ. ಕಾಯುವುದಕ್ಕೆ ಏನೂ ಇಲ್ಲವೆಂದು ಯಾರೂ ಹೇಳುವಂತಿಲ್ಲ.

ಕಾವಲಿಗೆ ಹೊಸ ಯಂತ್ರವೇ ಆಗಬೇಕೆಂದಿಲ್ಲ. ೨೦೦೩ರಲ್ಲಿ ಸ್ವಿಟ್ಜರ್ಲೆಂಡಿನ ಮಾನ್ಯುಯೆಲ್ ಕಾಸ್ಪರ್ ಎಂಬುವರು ಮೋನೋವಾಲ್ ಎಂಬ ಪುಟ್ಟ ತಂತ್ರಾಂಶವನ್ನು ಹೊರತಂದರು. ಅದರಿಂದ ೨೦೦೪ರಲ್ಲಿ ಪಿಎಫ್‌ಸೆನ್ಸ್ ಕವಲೊಡೆಯಿತು. ಪಿಎಫ್‌ಸೆನ್ಸಿನಿಂದ ೨೦೧೫ರಲ್ಲಿ ಓಪಿಎನ್‌ಸೆನ್ಸ್ ಕವಲೊಡೆಯಿತು. ಇವುಗಳನ್ನು ಬೆಲೆ ಕೊಡದೆಯೇ ಪಡೆದು ಹಳೆಯ ಯಂತ್ರಗಳ ಮೇಲೆ ಸ್ಥಾಪಿಸಬಹುದು. ತೀರ ಹಳೆಯದಾದರೆ ಆಗದು. ೨೦೧೭ರಲ್ಲಿ ಬಂದ ಪಿಎಫ್‌ಸೆನ್ಸ್ ೨.೪ರಿಂದ ಈಚೆಗೆ ೩೨ ಬಿಟ್ಟಿನ ಪ್ರೊಸೆಸರುಗಳಿಗೆ ಅಲ್ಲಿ ಪ್ರವೇಶವಿಲ್ಲ.

ಇನ್ನು ‘ಪೋರ್ಟು’ ಎಂಬ ಮಾತು. ಬಂದರಿನ ಪಕ್ಕದಲ್ಲಿಯೇ ಬೆಳೆದ ಮುಂಬಯಿಯ ಮಕ್ಕಳಿಗೆ ಇದರ ಮೂಲಾರ್ಥವನ್ನು ಹೇಳಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಮಾತ್ರ ಇದಕ್ಕೆ ಎರಡು ಅರ್ಥಗಳುಂಟು. ಒಂದು, ಕೇಬಲು ಸಿಕ್ಕಿಸುವ ತೂತು. ಮತ್ತೊಂದು, ಕಣ್ಣಿಗೆ ಕಾಣದ ಸಂಖ್ಯೆ: ಒಂದು ಯಂತ್ರಕ್ಕೆ ಬಂದ ಸಂದೇಶವು ಅದರೊಳಗಿನ ಯಾವ ಕಾರ್ಯಕ್ಕೆ ಸೇರತಕ್ಕದ್ದೆಂದು ತಿಳಿಸುವ, ೦ಯಿಂದ ೬೫೫೩೫ರ ವರೆಗಿನ ಗುರುತು. ಭದ್ರವಾದ ವೆಬ್ ಪುಟಗಳಿಗೆ ೪೪೩, ಹೆಸರುಗಳಿಂದ ವಿಳಾಸ ಹುಡುಕುವ ಕೆಲಸಕ್ಕೆ ೫೩, ಹೀಗೆ. ಫೈರ್‌ವಾಲು ನಿಯಮಗಳನ್ನು ಬರೆದಿಡುವುದು ಬಹುಮಟ್ಟಿಗೆ ಈ ಎರಡನೆಯ ಬಗೆಯ ಪೋರ್ಟುಗಳ ಮೇಲೆ. ಆದರೆ ತೂತೇ ಕೆಟ್ಟಿದ್ದರೆ ಸಂಖ್ಯೆಯ ಮಾತೆಲ್ಲಿ? ಹುಡುಗರು ಇಂಟರ್‌ನೆಟ್ಟು ಬಾರದಿದ್ದೊಡನೆಯೇ ನಿಯಮಗಳ ಪುಟ ತೆರೆದು ಒಂದೊಂದನ್ನೇ ಅಳಿಸತೊಡಗುತ್ತಾರೆ. ಅದು ಸಲ್ಲದು. ಇಲ್ಲಿ ನಾನು ಹೇಳುವುದೆಲ್ಲ ತೂತುಗಳ ವಿಷಯ.

ಅಂಗಡಿಯಿಂದ ತಂದ ಹೊಸ ಯಂತ್ರದಲ್ಲಿ ಈ ತೂತುಗಳು ಅಷ್ಟಾಗಿ ಕಾಡುವುದಿಲ್ಲ. ಎರವಲು ಪೆಟ್ಟಿಗೆಯಲ್ಲಿ ಕಾಡುತ್ತವೆ. ಕಾರಣ ಸರಳ: ಇದರ ದೇಹವನ್ನು ಮಾಡಿದವರು ಒಬ್ಬರು, ಮನಸ್ಸನ್ನು ಇಟ್ಟವರು ಮತ್ತೊಬ್ಬರು. ಪೆಟ್ಟಿಗೆಯ ಮುಖದ ಮೇಲೆ ೧, ೨, ೩ ಎಂದು ಅಚ್ಚು ಹಾಕಿದವನು ತನ್ನ ತಂತ್ರಾಂಶವನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಗೆ ಮಾಡಿದನೇ ಹೊರತು ನಾವು ಮುಂದೊಂದು ದಿನ ಹಾಕಲಿರುವ ತಂತ್ರಾಂಶವನ್ನಲ್ಲ. ಪಿಎಫ್‌ಸೆನ್ಸಿಗೆ ಆಧಾರವಾಗಿರುವ ಫ್ರೀಬಿಎಸ್‌ಡಿ ಎಂಬ ವ್ಯವಸ್ಥೆಯು ಪೋರ್ಟುಗಳನ್ನು ತನ್ನದೇ ಕ್ರಮದಲ್ಲಿ ಎಣಿಸುತ್ತದೆ. ಎಣಿಕೆ ಸೊನ್ನೆಯಿಂದ ಆರಂಭ. ಸಂಖ್ಯೆಯ ಮುಂದೆ ಡ್ರೈವರಿನ ಹೆಸರು ಬರುತ್ತದೆ. ಇಂಟೆಲ್ ಕಂಪನಿಯ ಚಿಪ್ಪುಗಳಾದರೆ ಇಎಂ ೦ ಅಥವಾ ಐಜಿಬಿ ೦, ರಿಯಲ್‌ಟೆಕ್ ಆದರೆ ಆರ್‌ಇ ೦. ಮುಖದ ಮೇಲಿನ ೧ ಎಂಬುದು ಒಳಗೆ ೦ ಆಗಿರಬಹುದು, ೩ ಆಗಿರಬಹುದು, ೫ ಆಗಿದ್ದರೂ ಆಶ್ಚರ್ಯವಿಲ್ಲ.

ದಾದರ್ ನಿಲ್ದಾಣವನ್ನು ನೆನೆಯಿರಿ. ೨೦೨೩ರ ಡಿಸೆಂಬರಿನ ತನಕ ಅಲ್ಲಿ ಒಂದನೆಯ ಪ್ಲಾಟ್‌ಫಾರ್ಮುಗಳು ಎರಡಿದ್ದವು: ಪಶ್ಚಿಮ ರೈಲ್ವೆಯದೊಂದು, ಮಧ್ಯ ರೈಲ್ವೆಯದೊಂದು. ಊರಿನಿಂದ ಬಂದ ನೆಂಟರಿಗೆ “ಒಂದನೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತಿರಿ” ಎಂದು ಹೇಳಿ, ತಾವು ಮತ್ತೊಂದರಲ್ಲಿ ನಿಂತು ಕಾದವರು ಈ ನಗರದಲ್ಲಿ ಎಷ್ಟು ಜನರೋ! ಕೊನೆಗೆ ಮಧ್ಯ ರೈಲ್ವೆಯ ಪ್ಲಾಟ್‌ಫಾರ್ಮುಗಳಿಗೆ ೮ರಿಂದ ೧೪ರ ವರೆಗೆ ಹೊಸ ಸಂಖ್ಯೆಗಳನ್ನು ಕೊಟ್ಟರು. ನಮ್ಮ ಪೆಟ್ಟಿಗೆಯಲ್ಲಿಯೂ ಹಾಗೆಯೇ, ಒಂದೇ ತೂತಿಗೆ ಎರಡು ಆಡಳಿತಗಳ ಎರಡು ಸಂಖ್ಯೆಗಳು. ಇದು ನಮ್ಮೊಬ್ಬರ ಪಾಡೂ ಅಲ್ಲ. ೨೦೦೨ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ ೫೪ಜಿ ಎಂಬ ನೀಲಿ ರೌಟರು ಹಳೆಯ ದೇಹಕ್ಕೆ ಹೊಸ ಮನಸ್ಸಿಡುವ ಕಲೆಗೆ ಪ್ರಸಿದ್ಧವಾದದ್ದು. ೨೦೦೪ರಲ್ಲಿ ಆರಂಭವಾದ ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶದ ಹೆಸರು ಅದರಿಂದಲೇ ಬಂದಿತು. ಆ ರೌಟರಿನಲ್ಲಿ ಒಳಗಿನ ತೂತುಗಳೂ ಹೊರಗಿನ ತೂತೂ ವಾಸ್ತವವಾಗಿ ಒಂದೇ ಸ್ವಿಚ್ಚಿನ ಬಾಯಿಗಳು. ಅವುಗಳನ್ನು ಬೇರ್ಪಡಿಸುವುದು ತಂತ್ರಾಂಶದ ಗೆರೆಯೊಂದೇ. ಅದರ ಕೆಲವು ಮಾದರಿಗಳಲ್ಲಂತೂ ಮುಖದ ಮೇಲೆ ೧, ೨, ೩, ೪ ಎಂದಿರುವುದು ಚಿಪ್ಪಿನೊಳಗೆ ೩, ೨, ೧, ೦ ಎಂದು ತಿರುಗುಮುರುಗಾಗಿದೆ.

ಸಂಖ್ಯೆ ತಪ್ಪಿದರೆ ಆಗುವ ಹಾನಿಯೇನೆಂದು ಕೇಳುವಿರಿ. ಇಂಟರ್‌ನೆಟ್ಟು ಬಾರದಿದ್ದರೆ ಅದು ಸಣ್ಣ ಹಾನಿ. ದೊಡ್ಡದು ಬೇರೆ. ಫೈರ್‌ವಾಲು ತನ್ನ ಒಂದು ಪೋರ್ಟನ್ನು ‘ಹೊರಗು’ ಎಂದೂ ಮತ್ತೊಂದನ್ನು ‘ಒಳಗು’ ಎಂದೂ ನಂಬಿರುತ್ತದೆ. ಹೊರಗಿನಿಂದ ಬಂದವರನ್ನು ತಡೆಯುವುದು, ಒಳಗಿನವರ ಮಾತನ್ನು ಕೇಳುವುದು, ಕೇಳಿದವರಿಗೆ ವಿಳಾಸ ಕೊಡುವುದು, ತನ್ನ ಆಡಳಿತದ ಪುಟವನ್ನು ಒಳಗಿನವರಿಗೆ ತೆರೆದಿಡುವುದು: ಇದು ಅದರ ಧರ್ಮ. ಕೇಬಲುಗಳು ಅದಲುಬದಲಾದರೆ, ಅದು ಇಡೀ ಲೋಕವನ್ನು ತನ್ನ ಮನೆಯವರೆಂದು ತಿಳಿದು ಬಾಗಿಲು ತೆಗೆಯುತ್ತದೆ. ನಮ್ಮ ಮಕ್ಕಳ ಯಂತ್ರಗಳನ್ನು ಕಳ್ಳರೆಂದು ತಿಳಿದು ಹೊರಗೆ ನಿಲ್ಲಿಸುತ್ತದೆ. ಕಾವಲುಗಾರನಲ್ಲಿ ಲೋಪವಿಲ್ಲ, ಅವನನ್ನು ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿಸಿದಂತಾಯಿತು.

ಆದಕಾರಣ ಮೊದಲನೆಯ ಕೆಲಸವೆಂದರೆ ಅಚ್ಚು ಹಾಕಿದ ಸಂಖ್ಯೆಗಳನ್ನು ಮರೆಯುವುದು. ಎಲ್ಲ ಕೇಬಲುಗಳನ್ನೂ ಕಿತ್ತಿಡಿರಿ. ಪೆಟ್ಟಿಗೆಯ ಕನ್ಸೋಲಿಗೆ ಒಂದು ಕಂಪ್ಯೂಟರನ್ನು ಜೋಡಿಸಿ, ಪೋರ್ಟುಗಳ ಪಟ್ಟಿಯನ್ನು ತರಿಸಿರಿ. ಎಲ್ಲದರ ಮುಂದೆಯೂ ‘ನೋ ಕ್ಯಾರಿಯರ್’ ಎಂದು ಬರುತ್ತದೆ. ಇಂಗ್ಲಿಷು ಕಂಡೊಡನೆ ಎದೆಗುಂದಬೇಡಿರಿ. ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿದ ನನಗೂ ಈ ಮಾತುಗಳು ಮೊದಲಿಗೆ ಮಂತ್ರದಂತೆ ಕೇಳಿಸಿದ್ದವು. ‘ಹೊತ್ತು ತರುವವರು ಯಾರೂ ಇಲ್ಲ’ ಎಂದಷ್ಟೇ ಅದರ ತಾತ್ಪರ್ಯ. ಈಗ ಒಂದೇ ಒಂದು ಕೇಬಲಿನ ಒಂದು ತುದಿಯನ್ನು ಚಾಲನೆಯಲ್ಲಿರುವ ಸ್ವಿಚ್ಚಿಗೆ ಹಾಕಿ, ಇನ್ನೊಂದು ತುದಿಯನ್ನು ಎಡಗಡೆಯ ಮೊದಲ ತೂತಿಗೆ ಸಿಕ್ಕಿಸಿರಿ. ಮತ್ತೆ ಪಟ್ಟಿ ತರಿಸಿದರೆ ಯಾವುದೋ ಒಂದು ಹೆಸರಿನ ಮುಂದೆ ‘ಆಕ್ಟಿವ್’ ಎಂದು ಬದಲಾಗಿರುತ್ತದೆ. ಆ ಹೆಸರನ್ನು ಚೀಟಿಯಲ್ಲಿ ಬರೆದು ಆ ತೂತಿನ ಮೇಲೆ ಅಂಟಿಸಿರಿ. ಹೀಗೆ ಒಂದೊಂದಕ್ಕೂ. ಅರ್ಧ ಗಂಟೆಯ ಕೆಲಸ. ಪಿಎಫ್‌ಸೆನ್ಸಿನಲ್ಲಿ ಪೋರ್ಟುಗಳನ್ನು ನೇಮಿಸುವಾಗ ಸಿಗುವ ತಾನಾಗಿ ಪತ್ತೆಹಚ್ಚುವ ಉಪಾಯವೂ ಇದೇ: ಕೇಬಲನ್ನು ಸಿಕ್ಕಿಸಿದಾಗ ಯಾವುದು ಎಚ್ಚೆತ್ತಿತೆಂದು ಅದು ನೋಡುತ್ತದೆ. ಪ್ರತಿ ಪೋರ್ಟಿಗೂ ೪೮ ಬಿಟ್ಟುಗಳ ಒಂದು ಮ್ಯಾಕ್ ವಿಳಾಸವಿರುತ್ತದೆ. ಚೀಟಿಯಲ್ಲಿ ಅದನ್ನೂ ಬರೆದಿಡುವುದು ಜಾಣತನ. ಏಕೆಂದರೆ ನಾಳೆ ಇನ್ನೊಂದು ಕಾರ್ಡನ್ನು ಪೆಟ್ಟಿಗೆಯೊಳಗೆ ಸೇರಿಸಿದರೆ ಐಜಿಬಿ ೦ ಎಂಬುದು ಐಜಿಬಿ ೨ ಆಗಿಬಿಡಬಹುದು, ಮ್ಯಾಕ್ ವಿಳಾಸ ಮಾತ್ರ ಹಾಗೆಯೇ ಉಳಿಯುತ್ತದೆ.

ಕನ್ಸೋಲಿನ ವಿಷಯ ಬಂದದ್ದರಿಂದ ಒಂದು ಎಚ್ಚರಿಕೆಯ ಮಾತು. ಇಂತಹ ಅನೇಕ ಪೆಟ್ಟಿಗೆಗಳಲ್ಲಿ ಕನ್ಸೋಲಿನ ತೂತೂ ನೆಟ್‌ವರ್ಕಿನ ತೂತೂ ಅವಳಿಜವಳಿಗಳಂತೆ ಒಂದೇ ರೂಪದಲ್ಲಿರುತ್ತವೆ. ನೆಟ್‌ವರ್ಕ್ ಕೇಬಲನ್ನು ಕನ್ಸೋಲಿಗೆ ಸಿಕ್ಕಿಸಿ, ಪೋರ್ಟು ಸತ್ತಿದೆಯೆಂದು ಅಳುವುದು ಬಹಳ ಸಾಮಾನ್ಯ. ಕನ್ಸೋಲಿನಲ್ಲಿ ಅಕ್ಷರಗಳ ಬದಲು ಕಸ ಬಂದರೆ ವೇಗ ಹೊಂದಲಿಲ್ಲವೆಂದು ತಿಳಿಯಿರಿ. ಪಿಎಫ್‌ಸೆನ್ಸ್ ೧೧೫೨೦೦ರ ವೇಗದಲ್ಲಿ ಮಾತಾಡುತ್ತದೆ, ಹಳೆಯ ಪೆಟ್ಟಿಗೆಗಳ ಬಯೋಸು ಎಷ್ಟೋ ವೇಳೆ ೯೬೦೦ರಲ್ಲಿ.

ಈಗ ದೀಪದ ಪ್ರಶ್ನೆಗೆ ಬರೋಣ. ದೀಪ ಉರಿಯುತ್ತಿದೆ, ಆದರೆ ಪಟ್ಟಿಯಲ್ಲಿ ಆ ಪೋರ್ಟೇ ಇಲ್ಲ. ಇದು ಹೇಗೆ ಸಾಧ್ಯ? ಪೋರ್ಟಿನ ದೀಪವನ್ನು ಸಾಮಾನ್ಯವಾಗಿ ಉರಿಸುವುದು ತಂತಿಯ ವಿದ್ಯುತ್ತಿನೊಡನೆ ವ್ಯವಹರಿಸುವ ಚಿಪ್ಪು. ಕರೆಂಟು ಬಂದೊಡನೆ ಅದು ಎದುರಿನ ಚಿಪ್ಪನ್ನು ಮಾತಾಡಿಸಿ, ‘ನೀನು ಎಷ್ಟು ವೇಗ ಬಲ್ಲೆ, ನಾನು ಇಷ್ಟು ಬಲ್ಲೆ’ ಎಂದು ಒಪ್ಪಂದ ಮಾಡಿಕೊಂಡು ದೀಪ ಹಚ್ಚುತ್ತದೆ. ಮೇಲೆ ಕುಳಿತ ತಂತ್ರಾಂಶವು ಎಚ್ಚರವಾಗಿದೆಯೆ, ಆ ಚಿಪ್ಪಿನ ಭಾಷೆಯನ್ನು ಬಲ್ಲುದೆ ಎಂಬುದು ಅದಕ್ಕೆ ಸಂಬಂಧಪಟ್ಟದ್ದಲ್ಲ. ಆದುದರಿಂದ ದೀಪವು ಹೇಳುವುದು ಇಷ್ಟೇ: ತಂತಿಯ ಆ ತುದಿಯಲ್ಲಿ ಯಾರೋ ಇದ್ದಾರೆ. ಪಟ್ಟಿಯಲ್ಲಿ ಪೋರ್ಟು ಕಾಣದಿದ್ದರೆ ಅದರ ಡ್ರೈವರು ಇಲ್ಲವೆಂದೋ, ಬಯೋಸಿನಲ್ಲಿ ಅದನ್ನು ಮುಚ್ಚಿದ್ದಾರೆಂದೋ, ಹಲವು ತೂತುಗಳು ಒಂದೇ ಸ್ವಿಚ್ಚಿನ ಮೂಲಕ ಒಂದೇ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತಿವೆಯೆಂದೋ ಊಹಿಸಬೇಕು. ‘ಪಿಸಿಐಕಾನ್ಫ್’ ಎಂಬ ಆಜ್ಞೆಯು ಯಂತ್ರದೊಳಗಿನ ಎಲ್ಲ ಬಿಡಿಭಾಗಗಳನ್ನೂ ತೋರಿಸುತ್ತದೆ. ಡ್ರೈವರು ಸಿಗದ ಭಾಗದ ಮುಂದೆ ‘ನನ್’ ಎಂದು, ಅಂದರೆ ‘ಯಾವುದೂ ಇಲ್ಲ’ ಎಂದು ಬರೆದಿರುತ್ತದೆ. ಹಳೆಯ ಡೆಸ್ಕ್‌ಟಾಪಿಗೆ ಕಾರ್ಡು ಸೇರಿಸುವವರಾದರೆ ಇಂಟೆಲ್ ಕಾರ್ಡನ್ನೇ ಹುಡುಕುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಹಳೆಯದಾದರೂ ಫ್ರೀಬಿಎಸ್‌ಡಿಗೆ ಅದರ ಪರಿಚಯ ಚೆನ್ನಾಗಿದೆ.

ಕೇಬಲಿನ ವಿಚಾರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರೊಳಗೆ ಎಂಟು ತಂತಿಗಳಿವೆ. ಎರಡೆರಡು ಹೆಣೆದುಕೊಂಡು ನಾಲ್ಕು ಜೋಡಿಗಳು. ಸೆಕೆಂಡಿಗೆ ೧೦೦ ಮೆಗಾಬಿಟ್ಟಿನ ವೇಗಕ್ಕೆ ಎರಡು ಜೋಡಿಗಳು ಸಾಕು. ೧೦೦೦ ಮೆಗಾಬಿಟ್ಟಿಗೆ ನಾಲ್ಕೂ ಬೇಕು. ಕೊಠಡಿಯ ಬಾಗಿಲಿನ ಸಂದಿಯಲ್ಲಿ ಸಿಕ್ಕಿ ಒಂದು ತಂತಿ ಮುರಿದಿದ್ದರೆ, ಹತ್ತು ವರ್ಷ ೧೦೦ರಲ್ಲಿ ತೊಂದರೆಯಿಲ್ಲದೆ ನಡೆದ ಕೇಬಲು ೧೦೦೦ದ ಹೊಸ ಪೋರ್ಟಿಗೆ ಬಂದೊಡನೆ ತಡವರಿಸುತ್ತದೆ: ಎರಡು ಚಿಪ್ಪುಗಳೂ ೧೦೦೦ಕ್ಕೆ ಒಪ್ಪಿಕೊಂಡು, ನಡೆಸಲಾರದೆ, ಮತ್ತೆ ಮೊದಲಿನಿಂದ ಮಾತಾಡತೊಡಗುತ್ತವೆ. ದೀಪ ಹತ್ತುತ್ತದೆ, ಆರುತ್ತದೆ. ಆಗ ದೋಷ ಪೆಟ್ಟಿಗೆಯದೆಂದು ಎಲ್ಲರೂ ಹೇಳುತ್ತಾರೆ. ಒಂದು ತುದಿಯ ವೇಗವನ್ನು ಕೈಯಿಂದ ಗೊತ್ತುಮಾಡಿ ಇನ್ನೊಂದನ್ನು ತಾನಾಗಿ ಆರಿಸಿಕೊಳ್ಳಲು ಬಿಡುವುದೂ ಇಂತಹುದೇ ಸಂಕಟಕ್ಕೆ ಕಾರಣ. ಸಂಪರ್ಕವೇನೋ ಆಗುತ್ತದೆ, ಆದರೆ ಆಮೆಯ ನಡಿಗೆ. ಒಳ್ಳೆಯದೆಂದು ಗೊತ್ತಿರುವ ಒಂದು ಕೇಬಲನ್ನು ಬೇರೆ ಯಾವುದಕ್ಕೂ ಬಳಸದೆ ಕಪಾಟಿನಲ್ಲಿ ಇಟ್ಟುಕೊಂಡಿರಬೇಕು. ಪರೀಕ್ಷಿಸುವಾಗ ಒಮ್ಮೆಗೆ ಒಂದನ್ನೇ ಬದಲಿಸಿರಿ. ಕೇಬಲನ್ನೂ ಪೋರ್ಟನ್ನೂ ಕೂಡಿಯೇ ಬದಲಿಸಿದವನಿಗೆ ಯಾವುದು ಕೆಟ್ಟಿತ್ತೆಂದು ಎಂದಿಗೂ ತಿಳಿಯುವುದಿಲ್ಲ.

ಪೋರ್ಟು ಕಂಡಿತು, ‘ಆಕ್ಟಿವ್’ ಎಂದೂ ಹೇಳಿತು, ಆದರೂ ಹೊರಗಿನಿಂದ ವಿಳಾಸ ಬರಲಿಲ್ಲ. ಇಲ್ಲಿ ಎರಡು ಸಾಮಾನ್ಯ ಕಾರಣಗಳು. ನಗರದ ಕೆಲವು ಕೇಬಲಿನವರು ಗಿರಾಕಿಯ ಮೊದಲ ಯಂತ್ರದ ಮ್ಯಾಕ್ ವಿಳಾಸವನ್ನು ಬರೆದಿಟ್ಟುಕೊಂಡು, ಬೇರೆಯದು ಕಂಡರೆ ಮಾತಾಡುವುದೇ ಇಲ್ಲ. ಅವರಿಗೆ ಹೊಸ ವಿಳಾಸವನ್ನು ತಿಳಿಸಬೇಕು. ಎರಡನೆಯದು ಇನ್ನೂ ಮೋಜಿನದು. ಪಿಎಫ್‌ಸೆನ್ಸ್ ತನ್ನ ಒಳಗಿನ ಪೋರ್ಟಿಗೆ ೧೯೨.೧೬೮.೧.೧ ಎಂಬ ವಿಳಾಸವನ್ನು ತಾನೇ ಇಟ್ಟುಕೊಳ್ಳುತ್ತದೆ. ಎಷ್ಟೋ ಮೋಡೆಮುಗಳೂ ಅದನ್ನೇ ಇಟ್ಟುಕೊಂಡಿರುತ್ತವೆ. ಒಂದೇ ಚಾಳಿನಲ್ಲಿ ಒಂದೇ ಸಂಖ್ಯೆಯ ಎರಡು ಖೋಲಿಗಳಿದ್ದರೆ ಅಂಚೆಯವನು ಏನು ಮಾಡಿಯಾನು? ಒಳಗಿನದನ್ನು ೧೯೨.೧೬೮.೫೦.೧ ಎಂದೋ ಮತ್ತೊಂದೆಂದೋ ಬದಲಿಸಿದರೆ ಜಗಳ ತೀರುತ್ತದೆ.

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ಗೂಢವಾದ ದೋಷ. ಇದರಲ್ಲಿ ಯಾರೂ ದೂರು ಕೊಡುವುದಿಲ್ಲ, ಏಕೆಂದರೆ ಇಂಟರ್‌ನೆಟ್ಟು ಚೆನ್ನಾಗಿಯೇ ಬರುತ್ತಿರುತ್ತದೆ.

ದೊಡ್ಡ ಕಚೇರಿಗಳಿಗಾಗಿ ಮಾಡಿದ ಕೆಲವು ಪೆಟ್ಟಿಗೆಗಳಲ್ಲಿ ಪೋರ್ಟುಗಳನ್ನು ಎರಡೆರಡಾಗಿ ಜೋಡಿ ಮಾಡಿ, ನಡುವೆ ಸಣ್ಣ ರಿಲೇಗಳನ್ನು ಇಟ್ಟಿರುತ್ತಾರೆ. ಇದಕ್ಕೆ ಬೈಪಾಸ್ ಎಂದು ಹೆಸರು. ಕರೆಂಟು ಹೋದರೆ ಆ ರಿಲೇ ಸಡಿಲಿ ಎರಡು ತೂತುಗಳನ್ನೂ ನೇರವಾಗಿ ಬೆಸೆಯುತ್ತದೆ. ಪೆಟ್ಟಿಗೆಯೇ ಇಲ್ಲದೆ ಒಂದು ಕೇಬಲು ಮಾತ್ರ ಇದ್ದಂತೆ. ಪೆಟ್ಟಿಗೆ ಕೆಟ್ಟರೂ ಕಚೇರಿಯ ವ್ಯವಹಾರ ನಿಲ್ಲಬಾರದೆಂಬುದು ಅವರ ಉದ್ದೇಶ. ಅವರಿಗೆ ಅದು ಸರಿಯೇ ಇರಬಹುದು. ಇನ್ನು ಕೆಲವು ಪೆಟ್ಟಿಗೆಗಳಲ್ಲಿ ಗಡಿಯಾರವೊಂದಿದ್ದು, ಮೂಲ ತಂತ್ರಾಂಶವು ಆಗಾಗ ಅದನ್ನು ತಟ್ಟಿ ‘ನಾನು ಬದುಕಿದ್ದೇನೆ’ ಎಂದು ಹೇಳುತ್ತಿರಬೇಕು. ಹೇಳದಿದ್ದರೆ ಬೈಪಾಸ್ ತಾನಾಗಿ ಕೂಡಿಕೊಳ್ಳುತ್ತದೆ. ನಮ್ಮ ಹೊಸ ತಂತ್ರಾಂಶಕ್ಕೆ ಈ ಸಂಪ್ರದಾಯ ತಿಳಿಯದು. ಹೀಗಾಗಿ ಪೆಟ್ಟಿಗೆಯು ಚಾಲನೆಯಲ್ಲಿದ್ದಾಗಲೂ ಆ ಜೋಡಿ ಬೆಸೆದುಕೊಂಡೇ ಇರಬಹುದು.

ಆಗ ಏನಾಗುತ್ತದೆ ನೋಡಿರಿ. ಜೋಡಿಯ ಒಂದು ತೂತಿಗೆ ಮೋಡೆಮು, ಮತ್ತೊಂದಕ್ಕೆ ನಮ್ಮ ಸ್ವಿಚ್ಚು. ಮೋಡೆಮಿನ ದೀಪ ಉರಿಯುತ್ತದೆ, ಸ್ವಿಚ್ಚಿನ ದೀಪವೂ ಉರಿಯುತ್ತದೆ. ಅವು ಪರಸ್ಪರ ಮಾತಾಡುತ್ತಿವೆ. ಮೋಡೆಮು ವಿಳಾಸ ಹಂಚುವಂತಹುದಾದರೆ ನಮ್ಮ ಕಂಪ್ಯೂಟರುಗಳಿಗೆ ವಿಳಾಸ ಸಿಗುತ್ತದೆ, ಪುಟಗಳು ತೆರೆಯುತ್ತವೆ, ತರಗತಿ ನಡೆಯುತ್ತದೆ. ಫೈರ್‌ವಾಲನ್ನು ಮಾತ್ರ ಕೇಳಿದರೆ ಎರಡು ಪೋರ್ಟುಗಳ ಮುಂದೆಯೂ ‘ನೋ ಕ್ಯಾರಿಯರ್’. ಕಾವಲುಗಾರನ ಕಣ್ಣಿಗೆ ಏನೂ ಬೀಳದಂತೆ ಅವನ ಬೆನ್ನ ಹಿಂದೆ ಹಾದಿಯೊಂದು ಬಿದ್ದಿದೆ. ಹೊರಗಿನ ಕೊಂಡಿಯನ್ನು ಮುರಿದು ನೋಡುವ ತನಕ ಇದು ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದೆ ಹೋಗಬಹುದು.

ಪರೀಕ್ಷೆ ಬಹಳ ಸುಲಭ. ಶನಿವಾರ ಶಾಲೆ ಬಿಟ್ಟ ಮೇಲೆ ಪೆಟ್ಟಿಗೆಯ ಕರೆಂಟನ್ನು ಆರಿಸಿ, ಕೊಠಡಿಯ ಯಾವುದಾದರೊಂದು ಕಂಪ್ಯೂಟರನ್ನು ಹೊಸದಾಗಿ ಚಾಲೂ ಮಾಡಿ, ಹಿಂದೆಂದೂ ತೆರೆಯದ ಒಂದು ಪುಟವನ್ನು ತೆರೆಯಲು ಯತ್ನಿಸಿರಿ. ತೆರೆಯದಿದ್ದರೆ ಆ ಜೋಡಿಯ ಭಯವಿಲ್ಲ. ತೆರೆದರೆ, ಕಾವಲಿಲ್ಲದ ದಾರಿಯಿದೆಯೆಂದು ಗೊತ್ತಾಯಿತು. ಆಗ ಹೊರಗಿನ ಕೇಬಲನ್ನು ಒಂದು ಜೋಡಿಯ ತೂತಿಗೂ ಒಳಗಿನ ಕೇಬಲನ್ನು ಬೇರೊಂದು ಜೋಡಿಯ ತೂತಿಗೂ ಹಾಕಿ, ಅವುಗಳ ಸಂಗಾತಿ ತೂತುಗಳಿಗೆ ಟೇಪು ಅಂಟಿಸಿ ಖಾಲಿಯಾಗಿಯೇ ಬಿಡಬೇಕು. ಬೈಪಾಸನ್ನು ನಿಲ್ಲಿಸುವ ಸೌಲಭ್ಯವು ಕೆಲವು ಪೆಟ್ಟಿಗೆಗಳಲ್ಲಿ ಬಯೋಸಿನಲ್ಲಿಯೂ ಮತ್ತೆ ಕೆಲವುಗಳಲ್ಲಿ ಒಳಗಿನ ಫಲಕದ ಮೇಲಿನ ಜಂಪರಿನಲ್ಲಿಯೂ ಇರುತ್ತದೆ. ಸಿಕ್ಕರೆ ಅದನ್ನೂ ನಿಲ್ಲಿಸಿರಿ. ಅನಂತರ ಹೊಸ ಪೋರ್ಟುಗಳ ಹೆಸರುಗಳನ್ನು ಫೈರ್‌ವಾಲಿಗೆ ತಿಳಿಸಿ, ಮತ್ತೊಮ್ಮೆ ಕರೆಂಟನ್ನು ಆರಿಸಿ, ಅದೇ ಪರೀಕ್ಷೆಯನ್ನು ಮಾಡಿ, ಪರೀಕ್ಷೆ ಮಾಡಿದ ದಿನವನ್ನೂ ಮಾಡಿದವರ ಹೆಸರನ್ನೂ ಹಲಗೆಯ ಕೆಳಗೆ ದಾರದಲ್ಲಿ ಕಟ್ಟಿರುವ ಪುಸ್ತಕದಲ್ಲಿ ಬರೆಯಿರಿ.